ಮಿಕ್ಕಿದ ಸಾರು ನಾಯಿಗೆ ಬೇಡ

ವೀಗನ್ ಅಂದ್ರೆ ಲೇಔಟಿನವರ ಶೋಕಿ ಅಂತ ನಗ್ತೀರಲ್ಲ, ನಿನ್ನೆ ರಾತ್ರಿ ನಿಮ್ಮ ಮನೇಲಿ ಏನು ಉಂಡ್ರಿ? ರಾಗಿ ಮುದ್ದೆ, ಬಸ್ಸಾರು, ಹುಚ್ಚೆಳ್ಳು ಚಟ್ನಿ. ಹಾಲಿಲ್ಲ, ತುಪ್ಪ ಇಲ್ಲ, ಮೊಟ್ಟೆ ಇಲ್ಲ. (ಕೊನೇಲಿ ಮಜ್ಜಿಗೆ ಕುಡಿದಿರಿ, ಅದು ಬೇರೆ ಮಾತು.) ಆ ಊಟದ ಮೇಲೆ ನನಗೇನೂ ತಕರಾರಿಲ್ಲ.

ತಕರಾರಿರೋದು ಮಿಕ್ಕಿದ ಸಾರನ್ನ ನಾಯಿ ತಟ್ಟೆಗೆ ಸುರಿಯೋದಕ್ಕೆ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣ ಒಡೆಯುತ್ತೆ. ಬೇಯಿಸಿದ್ರೂ ಆ ವಿಷ ಹೋಗಲ್ಲ. ತಿಂದ ದಿನವೇ ಗೊತ್ತಾಗೋದೂ ಇಲ್ಲ. ನಾಲ್ಕೈದು ದಿನ ಬಿಟ್ಟು ನಾಯಿ ಸುಸ್ತಾಗಿ ಮಲಗುತ್ತೆ, ವಸಡು ಬಿಳಿಚಿಕೊಳ್ಳುತ್ತೆ, ಉಚ್ಚೆ ಕಾಫಿ ಬಣ್ಣಕ್ಕೆ ತಿರುಗುತ್ತೆ. ನಾವು ಬಿಸಿಲು, ದೃಷ್ಟಿ ಅಂತ ಸುಮ್ಮನಾಗ್ತೀವಿ.

"ನಮ್ಮ ತಾತನ ಕಾಲದ ನಾಯಿ ಮುದ್ದೆ ಸಾರು ತಿಂದೇ ಬದುಕ್ತು" ಅಂತೀರಿ. ಆ ನಾಯಿ ಬದುವಿನಲ್ಲಿ ಇಲಿ, ಹೆಗ್ಗಣ ಹಿಡೀತಿತ್ತು ಸ್ವಾಮಿ! ಈಗ ಬೇಗೂರು ಸುತ್ತ ಬದು ಎಲ್ಲುಳಿದಿದೆ? ಹೊಲದ ಪಕ್ಕ ಕಾಂಪೌಂಡು, ನಾಯಿ ಕೊರಳಿಗೆ ಸರಪಳಿ. ನೀವು ಹಾಕಿದ್ದಷ್ಟೇ ಅದಕ್ಕೆ ಊಟ. ಬರೀ ಮುದ್ದೆಯಿಂದ ಹೊಟ್ಟೆ ತುಂಬುತ್ತೆ, ಮೈ ಹಿಡಿಯಲ್ಲ.

ಅಪಾರ್ಟ್‌ಮೆಂಟಿನ ಕೆಲವರು ತಾವು ಹಿಡಿದ ವ್ರತ ನಾಯಿಗೂ ಹಿಡಿಸ್ತಾರೆ, ಅದೂ ಅನ್ಯಾಯವೇ. ನಾಯಿಯನ್ನ ಯಾರು ಕೇಳಿದ್ರು?

ಉಪ್ಪು, ಖಾರ, ಒಗ್ಗರಣೆ ಬೀಳೋಕೆ ಮುಂಚೆ ಬೆಂದ ಕಾಳು ಒಂದು ಸೌಟು ತೆಗೆದಿಡಿ. ಮುದ್ದೆಗೆ ಕಲಸಿ, ಬೇಯಿಸಿದ ಮೊಟ್ಟೆ ಒಂದು ಕಿವುಚಿ ಹಾಕಿ. ಭಾನುವಾರ ಕೋಳಿ ಮಾಡಿದ್ರೆ ಮೂಳೆ ಮಾತ್ರ ಹಾಕ್ಬೇಡಿ, ಬೆಂದ ಮೂಳೆ ಸೀಳಿ ಕರುಳಿಗೆ ಚುಚ್ಚುತ್ತೆ.