ಮೇಲ್ ಬಂದರೆ ಕಂಪ್ಯೂಟರ್‌ಗೇಕೆ ಏದುಸಿರು?

ಕ್ಯಾಂಪಸ್ ಸಂದರ್ಶನದ ಸೀಸನ್ ಶುರುವಾದರೆ ಎಂಜಿನಿಯರಿಂಗ್ ಹುಡುಗರ ಕಣ್ಣೆಲ್ಲ ಇನ್‌ಬಾಕ್ಸ್ ಮೇಲೆ. ಆನ್‌ಲೈನ್ ಪರೀಕ್ಷೆಯ ಲಿಂಕ್, ಸಂದರ್ಶನದ ಕರೆ, ಆಫರ್ ಲೆಟರ್ ಎಲ್ಲವೂ ಬರುವುದು ಅಲ್ಲಿಗೇ. ಆದರೆ ಅಣ್ಣನೋ ಅಕ್ಕನೋ ಬಳಸಿ ಕೊಟ್ಟ 4 ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪ್‌ನಲ್ಲಿ ಔಟ್‌ಲುಕ್ ತೆರೆದು ಮೇಲ್ ಇಳಿಯತೊಡಗಿತೋ, ಮೌಸ್ ಕೂಡ ಅಲ್ಲಾಡುವುದಿಲ್ಲ. ಟಾಸ್ಕ್ ಮ್ಯಾನೇಜರ್ ನೋಡಿದರೆ ಮೊದಲ ಸಾಲಿನಲ್ಲಿ ಆ್ಯಂಟಿವೈರಸ್ ಕೂತಿರುತ್ತದೆ.

ಕಾರಣ ಇಷ್ಟೇ. ಮೇಲ್‌ಗೆ ಲಗತ್ತಿಸಿದ ಫೈಲ್ 'ಬೇಸ್64' ಎಂಬ ಅಕ್ಷರರೂಪಕ್ಕೆ ಬದಲಾಗಿ ಬರುತ್ತದೆ. 3 ಎಂಬಿಯ ಪಿಡಿಎಫ್ ದಾರಿಯಲ್ಲಿ ಸುಮಾರು 4 ಎಂಬಿ ಆಗಿರುತ್ತದೆ. ಮೇಲ್ ಸ್ಕ್ಯಾನ್ ಮಾಡುವ ಆ್ಯಂಟಿವೈರಸ್ ನಡುದಾರಿಯಲ್ಲಿ ಅದನ್ನು ತಡೆದು, ಮೂಲರೂಪಕ್ಕೆ ತಂದು, ಜಿಪ್ ಇದ್ದರೆ ಬಿಚ್ಚಿ ನೋಡಿ ಆಮೇಲೆ ಒಳಗೆ ಬಿಡುತ್ತದೆ. ಅದೇ ಫೈಲನ್ನು ನಾವು ಸೇವ್ ಮಾಡಿದಾಗ ಮತ್ತೊಮ್ಮೆ ತಪಾಸಣೆ, ತೆರೆದಾಗ ಇನ್ನೊಮ್ಮೆ. ಬಸ್ ಹತ್ತುವಾಗ, ಕೂತ ಮೇಲೆ, ಇಳಿಯುವಾಗ ಮೂರು ಸಲ ಟಿಕೆಟ್ ಕೇಳಿದ ಹಾಗೆ! ಹೊಸ ಎಸ್‌ಎಸ್‌ಡಿ ಇರುವ ಯಂತ್ರಕ್ಕೆ ಇದು ಗೊತ್ತೇ ಆಗುವುದಿಲ್ಲ. ತಿರುಗುವ ಹಳೆ ಹಾರ್ಡ್‌ಡಿಸ್ಕ್ ಮಾತ್ರ ಸುಸ್ತಾಗುತ್ತದೆ. ಅಂದರೆ ಭದ್ರತೆಯ ತೆರಿಗೆಯನ್ನು ಹೆಚ್ಚು ಕಟ್ಟುವವನು ಹೊಸದನ್ನು ಕೊಳ್ಳಲಾಗದವನು. (ಬ್ರೌಸರ್‌ನಲ್ಲೇ ಜಿಮೇಲ್ ನೋಡುವವರಿಗೆ ಈ ಕಾಟ ಕಡಿಮೆ. ಅಲ್ಲಿ ತಪಾಸಣೆ ಗೂಗಲ್ ಸರ್ವರ್‌ನಲ್ಲೇ ಮುಗಿದಿರುತ್ತದೆ.)

ಇಷ್ಟು ಕಟ್ಟಿಯೂ ನಮಗೆ ಸಿಗುವುದೇನು? 2024ರ ಜುಲೈ 19 ನೆನಪಿರಬಹುದು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ಒಂದು ದೋಷಪೂರಿತ ಅಪ್‌ಡೇಟ್‌ನಿಂದ ಜಗತ್ತಿನ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಕೂತವು. ನಮ್ಮ ವಿಮಾನ ನಿಲ್ದಾಣಗಳಲ್ಲೂ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದುಕೊಟ್ಟರು. ಭದ್ರತಾ ತಂತ್ರಾಂಶ ವಿಂಡೋಸ್‌ನ ಹೃದಯವಾದ ಕರ್ನಲ್‌ನಲ್ಲೇ ಕೂರುವುದರಿಂದ ಅದು ಎಡವಿದರೆ ಇಡೀ ಯಂತ್ರ ಬೀಳುತ್ತದೆ. ಅದೇ ವರ್ಷದ ಫೆಬ್ರುವರಿಯಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, ಬಳಕೆದಾರರ ಬ್ರೌಸಿಂಗ್ ಮಾಹಿತಿ ಮಾರಿದ ಪ್ರಕರಣದಲ್ಲಿ ಅವಾಸ್ಟ್ ಕಂಪನಿ 1.65 ಕೋಟಿ ಡಾಲರ್ ಕಟ್ಟಬೇಕೆಂದು ಹೇಳಿತು. ಉಚಿತ ಆ್ಯಂಟಿವೈರಸ್ ಎಂದು ಹಾಕಿಕೊಂಡವರು ಬೆಲೆ ತೆತ್ತದ್ದು ಹೀಗೆ.

ಹಾಗೆಂದು ಆ್ಯಂಟಿವೈರಸ್ ಕಿತ್ತುಹಾಕಿ ಎನ್ನುತ್ತಿಲ್ಲ. ವಿಂಡೋಸ್ 10 ಮತ್ತು 11ರಲ್ಲಿ ಡಿಫೆಂಡರ್ ಮೊದಲೇ ಇದೆ, ನಮ್ಮಂಥ ವಿದ್ಯಾರ್ಥಿಗಳಿಗೆ ಸಾಕು. ಲ್ಯಾಪ್‌ಟಾಪ್ ಕೊಂಡಾಗ ಜೊತೆಗೆ ಬಂದ ಟ್ರಯಲ್ ಆ್ಯಂಟಿವೈರಸ್ ಅವಧಿ ಮುಗಿದ ಮೇಲೂ ಕೂತು ಹಣ ಕೇಳುತ್ತಿದ್ದರೆ ಅದನ್ನು ತೆಗೆಯಬಹುದು. ಬೇರೆಯದೇ ಬೇಕೆನ್ನುವವರು ಸೆಟ್ಟಿಂಗ್ಸ್‌ನಲ್ಲಿ 'ಮೇಲ್ ಸ್ಕ್ಯಾನ್' ಒಂದನ್ನೇ ಆಫ್ ಮಾಡಿ ನೋಡಲಿ. ಫೈಲ್ ತೆರೆಯುವಾಗಿನ ತಪಾಸಣೆ ಹಾಗೇ ಉಳಿಯುತ್ತದೆ.

ನನಗೆ ದೊಡ್ಡದಾಗಿ ಕಾಣುವ ಪ್ರಶ್ನೆ ಬೇರೆ. ಕೆಲಸ ಹುಡುಕುವವರಿಗೆ ಇಂದು ಅಪಾಯ ವೈರಸ್ಸಿಗಿಂತ ಹೆಚ್ಚಾಗಿ ಸುಳ್ಳಿನಿಂದ ಬರುತ್ತಿದೆ. ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ಹಾಸ್ಟೆಲ್‌ನ ಒಬ್ಬನಿಗೆ ದೊಡ್ಡ ಕಂಪನಿಯ ಹೆಸರು, ಲೋಗೊ ಎಲ್ಲ ಇದ್ದ ಆಫರ್ ಲೆಟರ್ ಬಂತು. ಕೆಳಗೆ ಸಣ್ಣಕ್ಷರದಲ್ಲಿ ಒಂದು ಯುಪಿಐ ಐಡಿ, 'ವಾಪಸ್ ಕೊಡುವ ನೋಂದಣಿ ಶುಲ್ಕ' ಎಂಬ ಸಾಲು. ಕಳುಹಿಸಿದವರ ವಿಳಾಸ ಮಾತ್ರ ಸಾಮಾನ್ಯ ಜಿಮೇಲ್. ನೇಮಕಾತಿಗೆ ದುಡ್ಡು ಕೇಳಿದ್ದೇ ಅನುಮಾನಕ್ಕೆ ಸಾಕಿತ್ತು, ಅವನು ಕಟ್ಟಲಿಲ್ಲ. ಹೀಗೆ ಹಣ ಕಳೆದುಕೊಂಡವರು ತಡಮಾಡದೆ 1930ಕ್ಕೆ ಕರೆ ಮಾಡಬೇಕು, ಅದು ಸೈಬರ್ ಅಪರಾಧದ ರಾಷ್ಟ್ರೀಯ ಸಹಾಯವಾಣಿ. ಅಂದಹಾಗೆ, ಆ ಪತ್ರದೊಳಗೆ ವೈರಸ್ ಇರಲಿಲ್ಲ. ಎರಡು ನಿಮಿಷ ಲ್ಯಾಪ್‌ಟಾಪ್ ನಿಲ್ಲಿಸಿ ಪರೀಕ್ಷಿಸಿದ ಆ್ಯಂಟಿವೈರಸ್ ಅದಕ್ಕೆ ಹಸಿರು ಗುರುತು ಹಾಕಿ ಒಳಗೆ ಬಿಟ್ಟಿತ್ತು.