ಮಕ್ಕಳ ತಟ್ಟೆಯ ಹಣಕ್ಕೆ ಗಡುವು ಬೇಡ



ಬೀಜ, ಗೊಬ್ಬರ, ಕೀಟಬಾಧೆಯ ಮಾತು ಈ ಪುಟದ ರೂಢಿ. ಈ ವಾರ ನಿಮ್ಮೂರ ಸರಕಾರಿ ಶಾಲೆಯ ಅಡುಗೆಮನೆಯ ಮಾತಾಡೋಣ. ಸಸಿಯಲ್ಲೇ ಸೊರಗಿದ ಜೋಳಕ್ಕೆ ತೆನೆ ಹೊರಡುವಾಗ ಎಷ್ಟು ಗೊಬ್ಬರ ಸುರಿದರೂ ಕಾಳು ತುಂಬುವುದಿಲ್ಲ. ಇದನ್ನು ನಿಮಗೆ ಯಾರೂ ಕಲಿಸಬೇಕಾಗಿಲ್ಲ. ಬೆಳೆಯುವ ಮಕ್ಕಳ ಸಂಗತಿಯೂ ಹೀಗೆಯೇ.

ಕಳೆ ತೆಗೆಯುವ, ಮೆಣಸಿನಕಾಯಿ ಬಿಡಿಸುವ ದಿನಗಳಲ್ಲಿ ತಾಯಿ ಹೊತ್ತು ಮೂಡುವ ಮೊದಲೇ ಹೊಲದ ದಾರಿ ಹಿಡಿಯುತ್ತಾಳೆ. ರಾತ್ರಿಯ ರೊಟ್ಟಿ ಉಳಿದಿದ್ದರೆ ಮಗು ಅದನ್ನು ತಿಂದು ಶಾಲೆಗೆ ಹೋಗುತ್ತದೆ, ಇಲ್ಲದಿದ್ದರೆ ಬರಿಹೊಟ್ಟೆಯಲ್ಲಿ. ಅಂಥ ಮಗುವಿಗೆ ಶಾಲೆಯ ಹಾಲು ಮತ್ತು ಬಿಸಿಯೂಟ ಉಪಕಾರವಲ್ಲ, ಆಸರೆ. ಬೇಯಿಸಿದ ಊಟ ಕೊಡಲೇಬೇಕೆಂದು ಸುಪ್ರೀಂ ಕೋರ್ಟು 2001ರಲ್ಲಿ ಆಜ್ಞೆ ಮಾಡಿತು. ನಮ್ಮ ರಾಜ್ಯದ ಅಕ್ಷರ ದಾಸೋಹ 2002ರಲ್ಲಿ ಏಳು ಜಿಲ್ಲೆಗಳಲ್ಲಿ ಆರಂಭವಾಗಿ, ಮರುವರ್ಷ ಉಳಿದ ಜಿಲ್ಲೆಗಳಿಗೆ ಬಂತು. 2013ರ ಆಗಸ್ಟಿನಲ್ಲಿ ಕ್ಷೀರ ಭಾಗ್ಯದ ಹಾಲು ಸೇರಿತು.

ಮೊಟ್ಟೆಯ ಕಥೆಯನ್ನು ಮಾತ್ರ ಗದಗ ಜಿಲ್ಲೆಯವರು ಗಮನವಿಟ್ಟು ಕೇಳಬೇಕು. 2021ರ ಡಿಸೆಂಬರಿನಲ್ಲಿ ಸರಕಾರ ಏಳು ಜಿಲ್ಲೆಗಳ ಶಾಲಾ ಮಕ್ಕಳಿಗೆ ಮೊಟ್ಟೆ, ಒಲ್ಲದವರಿಗೆ ಬಾಳೆಹಣ್ಣು ಕೊಡತೊಡಗಿತು. ಮುಂಡರಗಿಯ ಸೀಮೆ ದಾಟಿದರೆ ಸಿಗುವ ಕೊಪ್ಪಳ ಜಿಲ್ಲೆಗೆ ಅದು ದಕ್ಕಿತು, ನಮಗೆ ದಕ್ಕಲಿಲ್ಲ. ಅದರ ಫಲ ಏನೆಂದು ಗದಗಿನಲ್ಲೇ ಇರುವ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಅಧ್ಯಯನ ಮಾಡಿತು. ಮೊಟ್ಟೆ ತಿಂದ ಯಾದಗಿರಿಯ ಮಕ್ಕಳನ್ನೂ, ಮೊಟ್ಟೆ ಸಿಗದ ಗದಗ ಜಿಲ್ಲೆಯ ಮಕ್ಕಳನ್ನೂ ತೂಗಿ ನೋಡಿತು. ಯಾದಗಿರಿಯ ಮಕ್ಕಳ ತೂಕ ಹೆಚ್ಚು ಏರಿತ್ತು, ಅದರಲ್ಲೂ ಎಂಟನೆಯ ತರಗತಿಯ ಹೆಣ್ಣುಮಕ್ಕಳಲ್ಲಿ. ಕೃಷಿ ಸಂಶೋಧನಾ ಕೇಂದ್ರದ ಪ್ರಯೋಗದಲ್ಲಿ ಗೊಬ್ಬರ ಹಾಕದ ಒಂದು ಮಡಿಯನ್ನು ಹೋಲಿಕೆಗೆಂದು ಬಿಡುತ್ತಾರಲ್ಲ, ಆ ಮಡಿಯ ಸ್ಥಾನ ಆ ವರ್ಷ ನಮ್ಮ ಮಕ್ಕಳದಾಗಿತ್ತು.

2022ರಲ್ಲಿ ಮೊಟ್ಟೆ ರಾಜ್ಯಕ್ಕೆಲ್ಲ ಬಂತು. 2023ರಲ್ಲಿ ವಾರಕ್ಕೆ ಎರಡಾಯಿತು. 2024ರ ಸೆಪ್ಟೆಂಬರಿನಿಂದ ವಾರಕ್ಕೆ ಆರು ದಿನವಾಯಿತು. ಇಲ್ಲಿಯೇ ನಾವು ಎಚ್ಚರಾಗಬೇಕು. ಆರರಲ್ಲಿ ಎರಡು ದಿನದ ಖರ್ಚು ಸರಕಾರದ್ದು. ನಾಲ್ಕು ದಿನದ ಖರ್ಚು ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ್ದು. ಪ್ರತಿಷ್ಠಾನ ಒಪ್ಪಿಕೊಂಡದ್ದು ಮೂರು ವರ್ಷಕ್ಕೆ, ಸುಮಾರು 1,500 ಕೋಟಿ ರೂಪಾಯಿ. ಕೊಟ್ಟವರಿಗೆ ಕೃತಜ್ಞತೆ ಸಲ್ಲಬೇಕು. ಆದರೆ ಮೂರು ವರ್ಷ ತುಂಬಿದ ಮೇಲೆ ಏನು? ಮಗುವಿನ ಹಸಿವಿಗೆ ಗಡುವಿಲ್ಲ, ಅದರ ಹಣಕ್ಕೆ ಮಾತ್ರ ಏಕೆ ಗಡುವು? ದಾನ ನಿಲ್ಲುವ ಮೊದಲೇ ಆ ನಾಲ್ಕು ದಿನಗಳನ್ನು ಸರಕಾರ ತನ್ನ ಮುಂಗಡಪತ್ರದಲ್ಲಿ ಬರೆದುಕೊಳ್ಳಬೇಕು. ಇದು ನಮ್ಮ ಮೊದಲ ಬೇಡಿಕೆ.

ಎರಡನೆಯದು ದರದ ಮಾತು. 2024ರಲ್ಲಿ ಒಂದು ಮೊಟ್ಟೆಗೆ ಗೊತ್ತುಮಾಡಿದ ಹಣ 6 ರೂಪಾಯಿ. ಕೊಳ್ಳುವುದು, ಬೇಯಿಸುವುದು, ಸುಲಿಯುವುದು ಎಲ್ಲವೂ ಅದರಲ್ಲೇ. ಪೇಟೆಯ ಧಾರಣೆ ಏರಿದಾಗ ಮುಖ್ಯೋಪಾಧ್ಯಾಯರು ಎಲ್ಲಿಂದ ತರಬೇಕು? ಬಿಸಿಯೂಟದ ಬೇಳೆ, ಕಾಯಿಪಲ್ಲೆ, ಎಣ್ಣೆಯ ಖರ್ಚಿಗೆ 2025ರ ಮೇ ತಿಂಗಳಿಂದ ಒಂದರಿಂದ ಐದನೆಯ ತರಗತಿಯವರೆಗೆ ತಲಾ 6 ರೂ. 78 ಪೈಸೆ, ಮೇಲಿನ ತರಗತಿಗೆ 10 ರೂ. 17 ಪೈಸೆ ನಿಗದಿಯಾಯಿತು. ಇದರಲ್ಲಿ ಕೇಂದ್ರದ ಪಾಲು ನೂರಕ್ಕೆ 60, ರಾಜ್ಯದ್ದು 40. ಚಿಕ್ಕ ಮಗುವಿಗೆ ದಿನಕ್ಕೆ 20 ಗ್ರಾಂ ಬೇಳೆ, 50 ಗ್ರಾಂ ಕಾಯಿಪಲ್ಲೆ ಬೀಳಬೇಕೆಂಬುದು ನಿಯಮ. ಉಳ್ಳಾಗಡ್ಡಿ, ತೊಗರಿಬೇಳೆಯ ಧಾರಣೆ ಹೇಗೆ ಏರಿಳಿಯುತ್ತದೆಂದು ಬೆಳೆಯುವ ನಿಮಗೆ ಗೊತ್ತು. ಧಾರಣೆಯ ಜೊತೆಗೆ ದರ ಏರದಿದ್ದರೆ ಸಾರು ತೆಳ್ಳಗಾಗುತ್ತದೆ, ಅಷ್ಟೆ.

ಶಾಲೆಯ ಮೂಲಕ ಬರುವುದು ಅನ್ನವೊಂದೇ ಅಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ವರ್ಷಕ್ಕೊಮ್ಮೆ ಶಾಲೆಗೆ ಬಂದು ಕಣ್ಣು, ಕಿವಿ, ಹಲ್ಲು, ಹೃದಯ ನೋಡುತ್ತದೆ. ದೊಡ್ಡ ದೋಷ ಕಂಡರೆ ಶಸ್ತ್ರಕ್ರಿಯೆಯೂ ಉಚಿತ. ವಾರಕ್ಕೊಮ್ಮೆ ಕಬ್ಬಿಣಾಂಶದ ಗುಳಿಗೆ ಮತ್ತು ಆಗಾಗ್ಗೆ ಜಂತುಹುಳದ ಗುಳಿಗೆ ಶಾಲೆಯಲ್ಲೇ ಸಿಗುತ್ತವೆ. ತಂಡ ಬಂದ ದಿನ ನಿಮ್ಮ ಮಗು ಮೆಣಸಿನಕಾಯಿ ಹೊಲದಲ್ಲಿದ್ದರೆ, ಇಲ್ಲವೆ ನಿಮ್ಮೊಡನೆ ಗುಳೆ ಹೋಗಿದ್ದರೆ, ಆ ವರ್ಷದ ತಪಾಸಣೆ ತಪ್ಪಿದಂತೆಯೇ. ಬರುವ ದಿನವನ್ನು ಮೊದಲೇ ಕೇಳಿ ತಿಳಿದುಕೊಳ್ಳಿರಿ.

ಮುಂಡರಗಿ, ಶಿರಹಟ್ಟಿ ಕಡೆಯ ಓದುಗರಿಗೆ ಇನ್ನೊಂದು ಮಾತು. ಈ ಭಾಗದ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಕುಡಿಯಲು ತಕ್ಕುದಲ್ಲ. ಹಲ್ಲು ರೂಪುಗೊಳ್ಳುವ ಎಳೆಯ ವಯಸ್ಸಿನಲ್ಲಿ ಅಂಥ ನೀರು ಕುಡಿದರೆ ಹಲ್ಲಿಗೆ ಹತ್ತಿದ ಕಂದುಕಲೆ ತಿಕ್ಕಿದರೆ ಹೋಗದು. ನೀರು ಕುದಿಸಿದರೂ ಫ್ಲೋರೈಡ್ ಕಡಿಮೆಯಾಗುವುದಿಲ್ಲ. ಆದ್ದರಿಂದ ಶಾಲೆಯ ಅಡುಗೆಗೂ ಕುಡಿಯುವುದಕ್ಕೂ ಯಾವ ನೀರು ಬಳಸುತ್ತಾರೆ, ಅದರ ಪರೀಕ್ಷೆ ಯಾವಾಗ ಆಗಿದೆ ಎಂದು ಗ್ರಾಮ ಪಂಚಾಯತಿಯನ್ನು ಕೇಳಿರಿ.

ಹಣ ಬೆಂಗಳೂರಿನಿಂದಲೂ ದಿಲ್ಲಿಯಿಂದಲೂ ಬರುತ್ತದೆ. ಅದು ತಟ್ಟೆಯವರೆಗೆ ಬಂತೋ ಇಲ್ಲವೋ ನೋಡುವವರು ಊರಲ್ಲೇ ಇರಬೇಕು. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ ಪಾಲಕರಿಗೆ ಸ್ಥಾನವಿದೆ. ತಿಂಗಳಿಗೊಮ್ಮೆ ಒಬ್ಬರಾದರೂ ಊಟದ ಹೊತ್ತಿಗೆ ಹೋಗಿ, ಮಕ್ಕಳ ಸಾಲಿನಲ್ಲೇ ಕುಳಿತು ಉಂಡು ನೋಡಿರಿ. ಮೊಟ್ಟೆ ಎಷ್ಟು ಬಂದವು, ಬಾಳೆಹಣ್ಣು ಎಷ್ಟು, ಹಾಜರಿ ಎಷ್ಟು ಎಂದು ಕೇಳಿರಿ. ಅಡುಗೆಯ ಅಕ್ಕಂದಿರ ಗೌರವಧನ ವೇಳೆಗೆ ಬಂತೇ ಎಂಬುದನ್ನೂ ವಿಚಾರಿಸಿರಿ. ಅವರ ಗೌರವಧನದಲ್ಲಿ ಕೇಂದ್ರದ ಪಾಲು ವರ್ಷಗಟ್ಟಲೆ ತಿಂಗಳಿಗೆ 600 ರೂಪಾಯಿಗೇ ನಿಂತಿತ್ತು. ವರ್ಷಕ್ಕೊಮ್ಮೆ ನಡೆಯುವ ಮಕ್ಕಳ ಗ್ರಾಮಸಭೆಯಲ್ಲಿ ಈ ಬೇಡಿಕೆಗಳನ್ನು ಠರಾವು ಮಾಡಿ ಮೇಲಕ್ಕೆ ಕಳಿಸಿರಿ.

1905ರಲ್ಲಿ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ರೈತರನ್ನು ಕೂಡಿಸಿ ಸಹಕಾರಿ ಸಂಘ ಕಟ್ಟಿದರು. ಕೂಡಿ ಕೇಳುವುದು, ಲೆಕ್ಕ ಬರೆದಿಡುವುದು ಈ ನೆಲಕ್ಕೆ ಹೊಸದಲ್ಲ. ಹೊಲದ ಪಂಪಿಗೆ ಕರೆಂಟು ಕೇಳಲು ಎತ್ತಿದ ದನಿಯಲ್ಲೇ ಮಕ್ಕಳ ಊಟದ ಹಣವನ್ನೂ ಕೇಳಿರಿ. ಅದು ಈ ವರ್ಷಕ್ಕೆ ಮಾತ್ರವಲ್ಲ, ಪ್ರತಿ ವರ್ಷಕ್ಕೂ ಬೇಕೆಂದು ಕೇಳಿರಿ.