ಕೆರಿ ದಂಡಿಗೆ ಪಟಾಕಿ ಬ್ಯಾಡ, ಬೆಳಿ ಲೆಕ್ಕ ಕೇಳೂಣು

ಈ ಹಿಂಗಾರಿಗೆ ಚಹಾದ ಅಂಗಡಿ, ಗುಡಿ ಕಟ್ಟಿ ಎಲ್ಲಾ ಕಡೆ ಒಂದೇ ಮಾತು ನಡೆದೈತಿ. "ಬಾತು ಬೆಳಿ ಮೇಯಾಕತ್ತಾವ, ಎಲ್ಲಾರೂ ರೊಕ್ಕ ಹಾಕಿ ಕೆರಿ ದಂಡಿಗೆ ಪಟಾಕಿ ಹಚ್ಚೂಣು, ಒಮ್ಮೆ ಎಬ್ಬಿಸಿದ್ರ ತಿರುಗಿ ಬರಂಗಿಲ್ಲ." ಇನ್ನ ಕೆಲವರು ಅದಕ್ಕೂ ಮುಂದ ಹೋಗಿ ಕಾಳಿಗೆ ಎಣ್ಣಿ ಕಲಿಸಿ ಬದುವಿಗೆ ಇಡೋ ಮಾತಾಡ್ತಾರ. ನಾನು ಎರಡಕ್ಕೂ ವಿರುದ್ಧ. ಹಕ್ಕಿ ಮೇಲಿನ ಮೋಹಕ್ಕ ಹೇಳಾಕತ್ತಿಲ್ಲ, ಹೊಲದ ಲೆಕ್ಕಕ್ಕ ಹೇಳಾಕತ್ತೀನಿ. ಪೂರ್ತಿ ಓದ್ರಿ, ಆಮ್ಯಾಲೆ ಬೇಕಾದ್ರ ಬೈರಿ.

ಮೊದಲು ಒಂದು ಮಾತು ಸ್ಪಷ್ಟ ಇರಲಿ. ನಷ್ಟ ಖರೇ. "ಬಾತು ಬರೇ ಹುಲ್ಲು ತಿಂತಾವ, ರೈತರು ಸುಳ್ಳು ಹೇಳ್ತಾರ" ಅನ್ನೋರು ಒಂದು ರಾತ್ರಿ ಎಳೇ ಗೋದಿ ಹೊಲದಾಗ ಬಂದು ನಿಲ್ಲಬೇಕು. ಪಟ್ಟೆತಲೆ ಹೆಬ್ಬಾತು ಅಂದ್ರ ಎರಡು-ಮೂರು ಕೆ.ಜಿ. ತೂಗೋ ಹಕ್ಕಿ, ಮೇಯೋದು ಸೊಪ್ಪು, ಹುಲ್ಲು, ಕಾಳು. ಹಗಲು ಕೆರಿಯೊಳಗ ವಿಶ್ರಾಂತಿ, ರಾತ್ರಿ ಹೊಲ. ಮಂಗೋಲಿಯಾ, ಟಿಬೆಟ್, ಲಡಾಖ್ ಕಡೆ ಮರಿ ಮಾಡಿ, ಹಿಮಾಲಯ ದಾಟಿ ನಮ್ಮ ಕಡೆ ಬರೋ ಹಕ್ಕಿ ಅದು. 7,000 ಮೀಟರಿಗಿಂತ ಎತ್ತರದಾಗ ಹಾರಿದ್ದು ದಾಖಲಾಗೈತಿ. ಮಂಗೋಲಿಯಾದಾಗ ಕೊರಳಿಗೆ ಪಟ್ಟಿ ಹಾಕಿಸಿಕೊಂಡ ಬಾತುಗಳು ನಮ್ಮ ರಾಜ್ಯದ ಕೆರಿಯೊಳಗ ಕಂಡಾವ. ಇಷ್ಟು ದೂರದಿಂದ ಬಂದದ್ದಕ್ಕ ಹಸಿವು ಇರತೈತಿ. ಅದರಾಗ ಹಕ್ಕಿ ತಪ್ಪೂ ಇಲ್ಲ, ನಮ್ಮ ತಪ್ಪೂ ಇಲ್ಲ. ಆದ್ರ ಆ ಊಟದ ಖರ್ಚು ಯಾರ ತಲಿ ಮ್ಯಾಲೆ ಬೀಳಬೇಕು ಅನ್ನೋದೇ ಪ್ರಶ್ನೆ.

ಇದನ್ನ ಕುಂತಲ್ಲೇ ಮಾತಾಡಬಾರದು ಅಂತ, ಜನವರಿಯೊಳಗ ಒಂದು ದಿನ ನಾನು ಮತ್ತು ನನ್ನ ದೋಸ್ತ ಪೂರ್ತಿ ದಿನ ಇದಕ್ಕೇ ಇಟ್ಟೆವು. ಅವನೂ ಒಕ್ಕಲುತನದಾಂವ, ಆದ್ರ ಹಕ್ಕಿ ಹುಚ್ಚು. ಒಂದು ಹಳೇ ದುರ್ಬೀನು ಇಟ್ಟಾನ. ನಸುಕಿನ್ಯಾಗ ಕೆರಿ ಏರಿ ಮ್ಯಾಲೆ ಹೋಗಿ ನಿಂತಾಗ ಥಂಡಿಗೆ ಬೆರಳು ಮರಗಟ್ಟಿದ್ದವು. ಬೆಳಕು ಹರಿಯೋ ಹೊತ್ತಿಗೆ ನಾಲ್ಕೂ ದಿಕ್ಕಿನ ಹೊಲದಿಂದ ಬಾತುಗಳ ಸಾಲು ಬರಾಕತ್ತವು. ಯಾವ ಸಾಲು ಯಾವ ದಿಕ್ಕಿನಿಂದ ಬಂತು ಅಂತ ದೋಸ್ತ ಹಾಳಿ ಮ್ಯಾಲೆ ಗೀಟು ಹಾಕಿಕೊಂಡ. ಬಿಸಿಲು ಏರಿದ ಮ್ಯಾಲೆ ಆ ದಿಕ್ಕು ಹಿಡಿದು ಹೊಲ ಹೊಲ ಅಡ್ಡಾಡಿದೆವು. ಕೆರಿಯೊಳಗಿನ ಹಕ್ಕಿ ನೋಡೋರು ಭಾಳ ಜನ, ಹೊಲದಾಗಿನ ಹಿಕ್ಕಿ ನೋಡೋರು ಯಾರೂ ಇಲ್ಲ. ನಾವು ಹಿಕ್ಕಿ ನೋಡಿದೆವು.

ಕಂಡದ್ದು ಇಷ್ಟು. ಶೇಂಗಾ ಕಿತ್ತು ಖಾಲಿ ಬಿಟ್ಟ ಹೊಲದಾಗ ಹಿಕ್ಕಿ ಎಲ್ಲಕ್ಕಿಂತ ಹೆಚ್ಚು. ಮಣ್ಣಾಗ ಉಳಿದ ಕಾಯಿ ಕೆದರಿ ತಿಂದಿದ್ದವು. ಆ ಹೊಲದ ಮಾಲಕಗ ಒಂದು ಪೈಸೆ ನಷ್ಟ ಇಲ್ಲ, ಗೊಬ್ಬರ ಬಿದ್ದದ್ದೇ ಲಾಭ. ತೆನಿ ಹಿರಿದ ಜೋಳದ ಹೊಲದಾಗ ಹೆಜ್ಜೆ ಗುರ್ತೂ ಇಲ್ಲ, ಯಾಕಂದ್ರ ಸುತ್ತಲೂ ಕಾಣದ ಜಾಗಾದಾಗ ಆ ಹಕ್ಕಿ ಇಳಿಯೋದಿಲ್ಲ. ಮನಿ, ರಸ್ತೆ ಹತ್ತಿರದ ಹೊಲಕ್ಕೂ ಹೋಗಿದ್ದಿಲ್ಲ. ಪೆಟ್ಟು ಬಿದ್ದದ್ದು ಕೆರಿಗೆ ಹತ್ತಿರ ಇರೋ, ನೀರಾವರಿ ಮಾಡಿದ, ಎಳೇ ಗೋದಿ ಮತ್ತು ಕಡಲಿ ಹೊಲಕ್ಕ. ಅದರಾಗೂ ಕೆರಿ ಕಡೆ ಅಂಚಿಗೆ. ಅಂದ್ರ ನಷ್ಟ ಎಲ್ಲಾರಿಗೂ ಇಲ್ಲ. ಕೆಲವರಿಗೆ ಐತಿ, ಅವರಿಗೆ ಭಾಳ ಐತಿ.

ಅಂಥಾ ಒಂದು ಗೋದಿ ಹೊಲದಾಗ ಒಬ್ಬ ಕಾಕಾ ಸಿಕ್ಕರು. ನಮ್ಮ ದುರ್ಬೀನು ನೋಡಿ ಅಂದ್ರು: "ತಮ್ಮಾ, ನೀವು ಇದನ್ನ ಹಿಡಕೊಂಡು ಹಕ್ಕಿ ನೋಡಾಕ ಬಂದೀರಿ. ನಾ ಬ್ಯಾಟರಿ ಹಿಡಕೊಂಡು ರಾತ್ರಿಯೆಲ್ಲಾ ಎದ್ದೀನಿ." ದೋಸ್ತ ಏನೂ ಮಾತಾಡಲಿಲ್ಲ. ಅವರ ಹೊಲದ ಅಂಚಿನಾಗ ಗೋದಿ ನೆಲಕ್ಕ ಕತ್ತರಿಸಿದಂಗ ಇತ್ತು. ಕಡಲಿ ಕುಡಿ ಚಿವುಟಿದ್ರ ಟೊಂಗಿ ಹೆಚ್ಚು ಒಡೀತಾವ ಅಂತ ನಮಗೆಲ್ಲಾ ಗೊತ್ತೈತಿ. ಹಂಗಂತ ಬಾತು ಮೇದದ್ದೂ ಛಲೋ ಅಂತ ಆ ಕಾಕಾಗ ಹೇಳೋಕೆ ನನಗ ಬಾಯಿ ಬರಂಗಿಲ್ಲ. ಬಾತು ಕುಡಿ ಎಣಿಸಿ ಚಿವುಟೋದಿಲ್ಲ.

ಇನ್ನ ಪಟಾಕಿ ಮಾತಿಗೆ ಬರ್ರಿ. ಕೆರಿ ಅನ್ನೋದು ಬಾತಿಗೆ ಮಲಗೋ ಜಾಗಾ, ಉಣ್ಣೋ ಜಾಗಾ ಅಲ್ಲ. ಮಲಗಿದಾವನ್ನ ಎಬ್ಬಿಸಿದ್ರ ಅದಕ್ಕ ಏನಾಗತೈತಿ? ಹಾರತೈತಿ, ಸುಸ್ತಾಗತೈತಿ, ಸುಸ್ತಾದದ್ದನ್ನ ತುಂಬಿಕೊಳ್ಳಾಕ ಹೆಚ್ಚು ತಿನ್ನತೈತಿ. ರಾತ್ರಿ ಅಷ್ಟೇ ಮೇಯೋದು ಹಗಲೂ ಮೇಯತೈತಿ. ಈಗ ಕೆರಿ ಹತ್ತಿರದ ಕೆಲವು ಹೊಲದಾಗ ಇರೋ ತ್ರಾಸು ದೂರದ ಹೊಲಕ್ಕೂ ಹಬ್ಬತೈತಿ. ನಾವೇ ರೊಕ್ಕ ಕೊಟ್ಟು ಮದ್ದು ತಂದು ನಮ್ಮ ನೆರೆಯವನ ಹೊಲಕ್ಕ ಬಾತು ಅಟ್ಟಿದಂಗ ಆತು. ಅವ ಸುಮ್ಮನಿರತಾನೇನು? ಅವನೂ ಹಚ್ಚತಾನ. ಚಳಿಗಾಲ ಮುಗಿಯೋತನಕ ಇದೇ ಆಟ.

ಡ್ರೋನ್ ಹಾರಿಸೋರಿಗೂ ಇದೇ ಲೆಕ್ಕ. ಆ ದಿನ ಮಧ್ಯಾಹ್ನ ಯಾರೋ ಏರಿ ಮ್ಯಾಲೆ ಕಾರು ನಿಲ್ಲಿಸಿ ಡ್ರೋನ್ ಬಿಟ್ಟರು. ಗುಂಪಿಗೆ ಗುಂಪೇ ಎದ್ದು ಮೂರು ಸುತ್ತು ಹಾಕಿ, ಅರ್ಧ ಕೆರಿಗೆ ಇಳಿದವು, ಅರ್ಧ ಹಗಲ ಹೊತ್ತಿನ್ಯಾಗೇ ಹೊಲದ ಕಡೆ ಹೋದವು. ಅವರಿಗೆ ಛಲೋ ವಿಡಿಯೋ ಸಿಕ್ಕಿತು. ಯಾರ ಗೋದಿ ಹೋತು? "ನಿಮ್ಮ ಊರಿಗೆ ಎಂಥಾ ಭಾಗ್ಯ ನೋಡ್ರಿ" ಅಂತ ನಮಗ ಹೇಳಿ ಸಂಜಿಗೆ ಊರಿಗೆ ಹೋಗೋರಿಗೆ ನನ್ನ ಮಾತು ಇಷ್ಟೇ: ಭಾಗ್ಯದ ಬಿಲ್ಲು ನಮ್ಮ ಹೆಸರಿಗೆ ಬರಾಕತ್ತೈತಿ, ಅದನ್ನ ನೋಡಿ ಮಾತಾಡ್ರಿ.

ವಿಷದ ಮಾತಂತೂ ಬಾಯಾಗೇ ತರಬ್ಯಾಡ್ರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೊಳಗ ಇವನ್ನ ಕೊಲ್ಲೋದು ಅಪರಾಧ, ಅದು ಒಂದು. ಅದಕ್ಕಿಂತ ದೊಡ್ಡದು, ವಿಷಕ್ಕ ಹೆಸರು ಓದಾಕ ಬರಂಗಿಲ್ಲ. ಬಾತಿಗೆ ಇಟ್ಟ ಕಾಳು ನವಿಲು, ಪಾರಿವಾಳ ತಿಂತಾವ, ಊರ ಕೋಳಿ ತಿಂತಾವ, ಸತ್ತದ್ದನ್ನ ನಾಯಿ ತಿನ್ನತೈತಿ. 1995-96ರ ಸುಮಾರಿಗೆ ಅರ್ಜೆಂಟೀನಾ ದೇಶದ ರೈತರು ಮಿಡತಿ ಕೊಲ್ಲಾಕ ಮೊನೊಕ್ರೊಟೊಫಾಸ್ ಹೊಡೆದ್ರು. ಚಳಿ ತಪ್ಪಿಸಿಕೊಂಡು ಉತ್ತರ ಅಮೆರಿಕದಿಂದ ಬಂದ ಗಿಡುಗಗಳು ಆ ಮಿಡತಿ ತಿಂದು ಸಾವಿರಗಟ್ಟಲೆ ಸತ್ತವು. ಮಿಡತಿ ತಿನ್ನೋ ಹಕ್ಕಿಯನ್ನೇ ಮಿಡತಿ ಎಣ್ಣಿ ಕೊಂದಿತು. ಮೊನೊಕ್ರೊಟೊಫಾಸ್ ಹೆಸರು ನಮಗೇನು ಹೊಸದಲ್ಲ.

ಅದೇ ದಿನ ನಾವು ಕಂಡ ಉಳಿದ ಹಕ್ಕಿಗಳ ಲೆಕ್ಕಾನೂ ಕೇಳ್ರಿ. ಕಡಲಿ ಹೊಲದ ಮ್ಯಾಲೆ ಆಳೆತ್ತರದಾಗ ಒಂದು ಸೆಳೆವ ಆ ಕಡೆಯಿಂದ ಈ ಕಡೆ ತೇಲಿಕೊಂತ ಹೋತು. ಅದೂ ಚಳಿಗಾಲಕ್ಕ ಬರೋ ಗಿರಾಕಿನೇ, ಆದ್ರ ಅದರ ಊಟ ಮಿಡತಿ ಮತ್ತು ಇಲಿ. ಕಾಜಾಣ, ಪತ್ರಂಗಿ ತಂತಿ ಮ್ಯಾಲೆ ಕುಂತು ಹುಳಾ ಹಿಡಿಯಾಕತ್ತಿದ್ದವು. ಟ್ರ್ಯಾಕ್ಟರ್ ಹಿಂದ ಬೆಳ್ಳಕ್ಕಿ ಸಾಲು. ಕಾಯಿಕೊರಕದ ಕೀಡಿ ತಿನ್ನಲಿ ಅಂತ ಕಡಲಿಯೊಳಗ ಅಲ್ಲಲ್ಲಿ ಜೋಳದ ಕಾಳು ಹಾಕೋದು, ಹಕ್ಕಿ ಕೂಡಾಕ ಕವಲು ಗೂಟ ನೆಡೋದು, ಚುರಮುರಿ ಚೆಲ್ಲೋದು ನಮ್ಮ ಹಿರಿಯರೂ ಮಾಡ್ಯಾರ, ಕೃಷಿ ವಿಜ್ಞಾನಿಗಳೂ ಹೇಳ್ತಾರ. ಒಂದು ಕೈಯಿಂದ ಹಕ್ಕಿ ಕರಿಯೋದು, ಇನ್ನೊಂದು ಕೈಯಿಂದ ವಿಷ ಇಡೋದು, ಇದು ಯಾವ ಒಕ್ಕಲುತನ?

ಇನ್ನೊಂದು ಗುಲ್ಲು ಎದ್ದೈತಿ. ಕೆರಿ ರಾಮ್ಸಾರ್ ಪಟ್ಟಿಗೆ ಸೇರೇತಿ, ಇನ್ನ ಸುತ್ತಲಿನ ಹೊಲ ಸರಕಾರದ್ದು ಆಗತೈತಿ ಅಂತ. 2024ರ ಜನವರಿಯೊಳಗ ಮಾಗಡಿ ಕೆರಿ, ಅಂಕಸಮುದ್ರ, ಅಘನಾಶಿನಿ ಅಳಿವೆ ಮೂರೂ ಒಮ್ಮೆಲೇ ಆ ಪಟ್ಟಿಗೆ ಬಂದವು. ಆ ಪಟ್ಟಿಗೆ ಸೇರಿದ್ದರಿಂದ ಯಾರ ಪಹಣಿಯೂ ಬದಲಾಗೋದಿಲ್ಲ. 1971ರ ಆ ಒಪ್ಪಂದ ಹೇಳೋದೇ ಜಾಣತನದಿಂದ ಬಳಸ್ರಿ ಅಂತ, ಬಳಸಬ್ಯಾಡ್ರಿ ಅಂತಲ್ಲ. ಕೆರಿ ಒತ್ತುವರಿ ಮಾಡೋರಿಗೆ, ಕಸ ಸುರಿಯೋರಿಗೆ ನಿಯಮ ಅಡ್ಡ ಬರತಾವ, ಬರಲೇಬೇಕು. ಅದು ಮಳಿ ನೀರು ನಿಲ್ಲಸಾಕ ಕಟ್ಟಿದ ನಮ್ಮ ಕೆರಿ. ಬಾತು ಓಡಿಸಿದ್ರ ಆ ಕೆರಿ ಬಗ್ಗೆ ಕೇಳೋರೂ ಇರಂಗಿಲ್ಲ, ಹೂಳು ತೆಗೀರಿ ಅಂತ ಹಟ ಹಿಡಿಯಾಕ ನಮ್ಮ ಕೈಯಾಗ ಒಂದು ಮಾತೂ ಉಳಿಯಂಗಿಲ್ಲ.

ಹಂಗಾದ್ರ ಕಾಕಾನ ಗೋದಿ? ಸ್ಕಾಟ್ಲೆಂಡಿನ ಐಲಾ ಅನ್ನೋ ದ್ವೀಪಕ್ಕೂ ಚಳಿಗಾಲದಾಗ ಹೆಬ್ಬಾತು ಬರತಾವ, ಅಲ್ಲಿ ಮೇವಿನ ಹೊಲ ಮೇಯತಾವ. ಅಲ್ಲಿನ ಸರಕಾರ ರೈತರಿಗೆ ರೊಕ್ಕ ಕೊಡತೈತಿ. ಜಗಳ ಅಲ್ಲೂ ಮುಗಿದಿಲ್ಲ, ಗುಂಡು ಹಾರಿಸಿದ್ದೂ ಐತಿ. ಆದ್ರ ಹಕ್ಕಿ ಎಲ್ಲಾರದು ಅಂದಮ್ಯಾಲೆ ಅದರ ಮೇವಿನ ಖರ್ಚೂ ಎಲ್ಲಾರದು ಅಂತ ಅಲ್ಲಿ ಒಪ್ಪಿಕೊಂಡಾರ. ನಮ್ಮಲ್ಲಿ ಆನಿ, ಹಂದಿ ಬೆಳಿ ತಿಂದ್ರ ಅರಣ್ಯ ಇಲಾಖೆಗೆ ಅರ್ಜಿ ಕೊಡತಾರ. ಬಾತು ಮೇದ ಹೊಲಕ್ಕೂ ನಾವು ಅದೇ ದಾರಿ ಹಿಡೀಬೇಕು, ಒಬ್ಬೊಬ್ಬರಾಗಿ ಅಲ್ಲ, ಊರಾಗಿ.

ನಾನು ಹೇಳೋದು ಇಷ್ಟು ಕೆಲಸ.

ಒಂದು, ಕೆರಿ ದಂಡಿಗೆ ಪಟಾಕಿ ಇಲ್ಲ, ಡ್ರೋನ್ ಇಲ್ಲ. ಹೆದರಿಸೋದಿದ್ರ ಎಳೇ ಬೆಳಿ ಇರೋ ಹೊಲದಾಗ ಮಾತ್ರ. ಹೊಳಿಯೋ ಟೇಪು, ಬಾವುಟ, ಡಬ್ಬಿ, ಜಾಗಾ ಬದಲಿಸಿಕೊಂತ ಇಡಬೇಕು, ಒಂದೇ ಕಡೆ ಇದ್ರ ಬಾತು ಕಲತು ಬಿಡತಾವ.

ಎರಡು, ಕೆರಿ ಹತ್ತಿರ ಶೇಂಗಾ ಕಿತ್ತ ಹೊಲ ಖಾಲಿ ಇಡೋರು ಫೆಬ್ರುವರಿತನಕ ಹರಗಬ್ಯಾಡ್ರಿ. ಬಿದ್ದ ಕಾಯಿ ಅಲ್ಲಿ ಸಿಕ್ಕರ ಗೋದಿ ಮ್ಯಾಲಿನ ಭಾರ ಕಮ್ಮಿ ಆಗತೈತಿ. ಖರ್ಚಿಲ್ಲದ ಕೆಲಸ.

ಮೂರು, ಮೇದ ಹೊಲದ ಫೋಟೋ ಅವತ್ತೇ ತೆಗೀರಿ, ತಾರೀಖು, ಸರ್ವೆ ನಂಬರ್ ಬರಕೊಳ್ರಿ. ಹಿಕ್ಕಿ, ಹೆಜ್ಜೆ ಫೋಟೋದಾಗ ಕಾಣಬೇಕು. ಪುರಾವೆ ಇಲ್ಲದ ಅರ್ಜಿ ರದ್ದಿ.

ನಾಲ್ಕು, ಗ್ರಾಮಸಭೆಯೊಳಗ ಠರಾವು ಮಾಡೂಣು. ಬೆಳಿ ನಷ್ಟದ ಜಂಟಿ ಪರಿಶೀಲನೆ ಬೇಕು, ಪ್ರವಾಸಿಗರಿಂದ ಬರೋ ರೊಕ್ಕದಾಗ ಒಂದು ಪಾಲು ಬಾತು ಮೇದ ಹೊಲದವರಿಗೆ ಬೇಕು.

ಐದು, ಸತ್ತ ಹಕ್ಕಿ ಕಂಡ್ರ ಕೈಯಿಂದ ಮುಟ್ಟಬ್ಯಾಡ್ರಿ, ಪಶು ಆಸ್ಪತ್ರಿಗೆ ತಿಳಿಸ್ರಿ. ಹಕ್ಕಿಜ್ವರದ ಕಾಲ ಇದು, ಮನಿ ಕೋಳಿ ಕೆರಿ ಕಡೆ ಬಿಡಬ್ಯಾಡ್ರಿ.

ಮುಂದಿನ ಗ್ರಾಮಸಭೆಗೆ ನಾನು ನಮ್ಮ ಆ ದಿನದ ಗೀಟು ಹಾಕಿದ ಹಾಳಿ ತರತೀನಿ. ನೀವು ನಿಮ್ಮ ಹೊಲದ ಫೋಟೋ ತರ್ರಿ. ಪಟಾಕಿಗೆ ರೊಕ್ಕ ಎತ್ತೋರೂ ಬರ್ರಿ, ಅಲ್ಲೇ ಎದುರಾಬದುರ ಮಾತಾಡೂಣು.